ಚುಕ್ಕಿಯಿಲ್ಲದ ಪಟ್ಟಿ

ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚುಕ್ಕಿಯಕ್ಕ ಎಂದೇ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು, ಅಷ್ಟೇ. ಪರೀಕ್ಷೆಗೆ ಬಳಸುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಾಲಾಗಿ ಎಂಟು ಪುಟ್ಟ ಕುಳಿಗಳು. ಅಂಥ ಪಟ್ಟಿಗಳನ್ನು ಚೌಕಟ್ಟಿಗೆ ಸಿಕ್ಕಿಸಿ, ಕುಳಿಗಳಿಗೆ ರೋಗಿಗಳ ರಕ್ತದ ತಿಳಿಯನ್ನು ಹಾಕಬೇಕು. ಪಟ್ಟಿಯ ತಲೆ ಯಾವುದು, ಬಾಲ ಯಾವುದು ಎಂದು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಇಪ್ಪತ್ತೆಂಟು ವರ್ಷದಿಂದ ಅವಳು ಪ್ರತಿ ಪಟ್ಟಿಯ ತಲೆಗೂ ಕೆಂಪು ಉಗುರುಬಣ್ಣದ ಒಂದು ಚುಕ್ಕಿ ಇಡುತ್ತಿದ್ದಳು. ಪೆನ್ನಿನ ಗುರುತು ತೊಳೆದರೆ ಹೋಗುತ್ತದೆ, ಉಗುರುಬಣ್ಣ ಹೋಗದು. ಹೊಸಬರು ಯಾರಾದರೂ ಪೆನ್ನು ಹಿಡಿದರೆ ಅವರ ಚಳಿ ಬಿಡಿಸುತ್ತಿದ್ದಳು.

ಬಣ್ಣ ಒದಗಿಸುತ್ತಿದ್ದವಳು ತಂಗಿ. ಹೊಲಿಗೆ ಅಂಗಡಿ ನಡೆಸುವ ಅವಳಿಗೆ ವಾರವಾರವೂ ಉಗುರು ಮಿರಮಿರ ಮಿಂಚಬೇಕು. ಬಾಟಲಿಯ ತಳದಲ್ಲಿ ಉಳಿದದ್ದು ಅಕ್ಕನ ಪಾಲು.

"ದಿನಾ ಅದೇನು ಅಳೀತೀಯ ಅಕ್ಕಾ?" ಎಂದು ತಂಗಿ ಒಮ್ಮೆ ಕೇಳಿದ್ದಳು.

"ಕೂಗಾಟ ಕಣೇ. ಮೈಯೊಳಗೆ ಸಹಾಯಕ ಟಿ ಕೋಶಗಳು ಅಂತ ಇವೆ. ತಾವಾಗೇ ಜಗಳಕ್ಕೆ ಇಳಿಯೋದು ಕಮ್ಮಿ, ಉಳಿದ ಕೋಶಗಳಿಗೆ ಕೂಗಿ ಹೇಳೋದೇ ಅವುಗಳ ಕೆಲಸ. ಆ ಕೂಗಿಗೆ ಸೈಟೊಕೈನ್ ಅಂತಾರೆ. ಒಂದು ಕೂಗು, ರೋಗಾಣು ನುಂಗೋ ಕೋಶಗಳನ್ನ ಎಬ್ಬಿಸುತ್ತೆ. ಇನ್ನೊಂದು, ಹೊಟ್ಟೆಹುಳದ ಮೇಲೆ ಛೂ ಬಿಡುತ್ತೆ. ದೂಳಿಗೆಲ್ಲ ನೀನು ಸೀನೋದೂ ಅದರಿಂದಾನೇ. ಮತ್ತೊಂದು, ಸಾಕು ನಿಲ್ಲಿಸಿ ಅನ್ನುತ್ತೆ. ಆ 'ಸಾಕು' ಯಾರ ಕಿವಿಗೂ ಬೀಳದಿದ್ರೆ, ರೋಗಕ್ಕಿಂತ ಉರಿಯೂತಾನೇ ಮೈಯನ್ನ ತಿಂದುಹಾಕುತ್ತೆ."

"ಥೇಟ್ ನೀನೇ. ನಿನಗೂ ಸಾಕು ಅಂದ್ರೆ ಕೇಳಿಸಲ್ಲ" ಎಂದು ತಂಗಿ ನಕ್ಕಿದ್ದಳು.

ಈಗ ಅದೇ ತಂಗಿ ಮೇಲಿನ ಮಹಡಿಯ ವಾರ್ಡಿನಲ್ಲಿ ಹನ್ನೊಂದು ದಿನದ ಜ್ವರದಲ್ಲಿ ಬೇಯುತ್ತಿದ್ದಳು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಲೆಂದು ನರ್ಸು ಅವಳ ಉಗುರುಬಣ್ಣವನ್ನೆಲ್ಲ ಅಳಿಸಿದ್ದಳು. ಎದುರಿನ ಹಾಸಿಗೆಯಲ್ಲಿ ಒಬ್ಬ ವಯಸ್ಸಾದ ಬಡಗಿ. ಅವರಿಗೂ ಇಳಿಯದ ಅಂಥದೇ ಜ್ವರ. ಇಂಟರ್‌ಫೆರಾನ್ ಗಾಮಾ ಎಂಬ ಕೂಗು ಯಾರ ರಕ್ತದಲ್ಲಿ ಮಿತಿಮೀರಿದೆ ಎಂಬುದು ಡಾಕ್ಟರಿಗೆ ತಿಳಿಯಬೇಕಿತ್ತು. ಮೀರಿದವರಿಗೆ ಅದನ್ನು ಅಡಗಿಸುವ ಇಂಜೆಕ್ಷನ್ ಬೇಗ ಸಿಗದಿದ್ದರೆ ಜೀವ ಉಳಿಯುವುದಿಲ್ಲ. ಮೀರದವರಿಗೆ ಕೊಟ್ಟರೂ ಅಪಾಯವೇ, ಒಳಗೆ ಅಡಗಿ ಕೂತ ರೋಗಾಣುವಿಗೆ ಬಾಗಿಲು ತೆರೆದುಕೊಟ್ಟ ಹಾಗೆ.

ಬೆಳಿಗ್ಗೆ ಏಳಕ್ಕೆ ಚುಕ್ಕಿಯಕ್ಕ ಕೆಲಸ ಶುರುಮಾಡಿದಳು. ನಾಲ್ವರು ರೋಗಿಗಳು, ಒಬ್ಬೊಬ್ಬರಿಗೆ ಎರಡೆರಡು ಕುಳಿ. ಪಟ್ಟಿಯ ಮೊದಲಿಗೆ ಬಡಗಿ, ಕೊನೆಗೆ ತಂಗಿ. ಹನ್ನೊಂದಕ್ಕೆ ಬಣ್ಣ ಮೂಡಿತು. ಕೂಗು ಹೆಚ್ಚಿದ್ದಷ್ಟೂ ಹಳದಿ ಗಾಢ. ಮೇಲಿನ ಎರಡು ಕುಳಿ ಕಡುಹಳದಿ, ಕೆಳಗಿನೆರಡೂ ಸೇರಿ ಉಳಿದವೆಲ್ಲ ಬರಿಯ ನೀರು. ತಂಗಿಗೆ ಏನೂ ಇಲ್ಲ! ಹೋದ ಜೀವ ಬಂದಂತಾಯಿತು. ಫಲಿತಾಂಶವನ್ನು ಫೋನಿನಲ್ಲೇ ಹೇಳಿ, ಇಂಜೆಕ್ಷನ್ ಬಡಗಿಗೆ ಎಂದು ಡಾಕ್ಟರ್ ನಿರ್ಧರಿಸಿದ್ದನ್ನು ಕೇಳಿಸಿಕೊಂಡು, ಕೈಗವಸು ಕಳಚಲು ಹೋದಳು.

ಗವಸಿನ ಹೆಬ್ಬೆರಳಿನ ಮೇಲೆ ಪೆನ್ನಿನ ನೀಲಿ ಕಲೆಯಿತ್ತು.

ಚೌಕಟ್ಟನ್ನು ಎತ್ತಿ ನೋಡಿದಳು, ಪಟ್ಟಿಯ ತಲೆಯಲ್ಲಿ ಗುರುತೇ ಇರಲಿಲ್ಲ. ಬಾಟಲಿಯ ಕೊನೆಯ ಹನಿ, ಹೋಲಿಸಿ ನೋಡಲು ಇಡುವ ಮೊದಲ ಪಟ್ಟಿಗೇ ಮುಗಿದಿತ್ತು. ಬಾಟಲಿ ಕೊಡುವವಳು ಮೇಲೆ ಮಲಗಿದ್ದಳಲ್ಲ. ಇವತ್ತೊಂದು ದಿನ ತಾನೇ ಎಂದು ರೋಗಿಗಳ ತಿಳಿ ಹಾಕುವ ಪಟ್ಟಿಗೆ ಪೆನ್ನಿನಲ್ಲೇ ಗುರುತು ಹಾಕಿದ್ದಳು. ಮೂರನೇ ಸಲ ತೊಳೆದು, ನೀರಿಳಿಯಲೆಂದು ಚೌಕಟ್ಟನ್ನು ಕಾಗದದ ಮೇಲೆ ಬೋರಲಾಗಿ ಬಡಿದಾಗ ಆ ಪಟ್ಟಿ ಕಳಚಿ ಬಿದ್ದಿತ್ತು. ಅಷ್ಟರಲ್ಲಿ ಡಾಕ್ಟರ ಫೋನು, "ಇನ್ನೆಷ್ಟು ಹೊತ್ತು ಅಕ್ಕಾ?" ಫೋನನ್ನು ಭುಜಕ್ಕೆ ಒತ್ತಿಕೊಂಡೇ ಪಟ್ಟಿಯನ್ನು ಒಳಗೆ ತಳ್ಳಿದ್ದಳು. ತಲೆ ಮೇಲಾಗಿಯೋ, ಕೆಳಗಾಗಿಯೋ?

ನಿವೃತ್ತಿಗೆ ಎರಡೇ ತಿಂಗಳು. ಸುಮ್ಮನಿದ್ದರೆ ಕೇಳುವವರಿರಲಿಲ್ಲ; ತಂಗಿಗೆ ಏನೂ ಇಲ್ಲ ಎಂದು ನಂಬುವುದು ಹಿತವಾಗಿಯೂ ಇತ್ತು. ಇಂಥ ಯೋಚನೆ ಬಂದದ್ದಕ್ಕೆ ತನ್ನನ್ನೇ ಬೈದುಕೊಂಡು, ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿದಳು.

ನರ್ಸು ಬಡಗಿಯ ತೋಳು ಒರೆಸುತ್ತಿದ್ದಳು. ಪಕ್ಕದಲ್ಲಿ ಅವರ ಮಗಳು ಅಪ್ಪನ ಕನ್ನಡಕ ಹಿಡಿದು ನಿಂತಿದ್ದಳು.

"ನಿಲ್ಸಿ! ಪಟ್ಟಿ ತಿರುಗಿಹೋಗಿರಬಹುದು. ತಪ್ಪು ನಂದೇ."

ಡಾಕ್ಟರ ಮುಖ ಬಿಳಿಚಿತು. "ಮತ್ತೆ ಮಾಡೋಕೆ?"

"ನಾಲ್ಕು ಗಂಟೆ."

"ನಾಲ್ಕು ಗಂಟೆ ಅಂದ್ರೆ ಏನು ಗೊತ್ತಾ ಅಕ್ಕಾ? ಇಪ್ಪತ್ತೆಂಟು ವರ್ಷದ ಕೈ ನಿಮ್ದು. ಅಂದಾಜಾದ್ರೂ ಹೇಳಿ, ಯಾರಿಗೆ ಕೊಡ್ಲಿ?"

ಚುಕ್ಕಿಯಕ್ಕ ತಂಗಿಯ ಕಡೆ ನೋಡಿದಳು. ತುಟಿ ಒಡೆದಿತ್ತು, ಉಸಿರು ಮೇಲೆಮೇಲೆ ಬರುತ್ತಿತ್ತು. ಇವಳಿಗೆ ಕೊಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಏನೂ ಇಲ್ಲದವಳಿಗೆ ಕೊಡಿಸಿ ತಾನೇ ಕೊಂದರೆ? ಬಡಗಿಯ ಮಗಳು ಇವಳ ಬಾಯನ್ನೇ ನೋಡುತ್ತಿದ್ದಳು. ಕೇಳಿದ್ದಕ್ಕೆಲ್ಲ ಪಟ್ಟನೆ ಉತ್ತರ ಕೊಟ್ಟೇ ಹೆಸರು ಮಾಡಿದವಳು ಚುಕ್ಕಿಯಕ್ಕ.

"ಗೊತ್ತಿಲ್ಲ ಡಾಕ್ಟ್ರೇ" ಎಂದಳು.

ಕೆಳಗೆ ಬಂದು ಫ್ರಿಜ್ಜಿನಲ್ಲಿ ಉಳಿದಿದ್ದ ರಕ್ತದ ತಿಳಿ ತೆಗೆದಳು. ಈ ಸಲ ಸೂಜಿಯಿಂದ ಪಟ್ಟಿಯ ತಲೆಯನ್ನೇ ಗೀರಿದಳು. ಮೈಯೆಲ್ಲ ಕಣ್ಣಾಗಿ ಒಂದೊಂದೇ ಹನಿ ಹಾಕಿದಳು. ನೆನೆಯುವ ಹೊತ್ತನ್ನು ಒಂದು ನಿಮಿಷವೂ ಕಡಿಮೆ ಮಾಡುವಂತಿರಲಿಲ್ಲ. ಒಂದು ಗಂಟೆಗೆ ತಂಗಿಯ ರಕ್ತದೊತ್ತಡ ಇಳಿಯುತ್ತಿದೆ ಎಂದು ನರ್ಸು ಹೇಳಿ ಕಳಿಸಿದಳು. ಎರಡಕ್ಕೆ ಮೂತ್ರ ನಿಂತಿತು ಎಂಬ ಸುದ್ದಿ ಬಂತು. ಅವಳು ಗಡಿಯಾರ ನೋಡುತ್ತ ತೊಳೆದಳು, ಬಡಿದಳು, ಮತ್ತೆ ತೊಳೆದಳು.

ಮೂರೂಕಾಲು ಗಂಟೆಗೆ ಹಳದಿ ಮೂಡಿತು, ಕೊನೆಯ ಎರಡು ಕುಳಿಗಳಲ್ಲಿ. ತಂಗಿಯ ಹೆಸರಿನ ಮುಂದೆ ಅಂಕಿಯನ್ನು ತಾನೇ ಬರೆದು, ತಾನೇ ಓಡಿದಳು.

ತಂಗಿ ಉಳಿದಳು. ಆರನೇ ದಿನ ಕಣ್ಣುಬಿಟ್ಟು, ಬೋಳು ಉಗುರು ನೋಡಿ ಮುಖ ಸಿಂಡರಿಸಿದಳು. ಮೂತ್ರಪಿಂಡಗಳು ಮಾತ್ರ ಸೋತಿದ್ದವು. ಚೇತರಿಸುವ ತನಕ ದಿನ ಬಿಟ್ಟು ದಿನ ಡಯಾಲಿಸಿಸ್ ಯಂತ್ರಕ್ಕೆ ಮೈ ಒಡ್ಡಬೇಕಿತ್ತು. ಎಷ್ಟು ದಿನ ಎಂದು ಡಾಕ್ಟರೂ ಹೇಳಲಿಲ್ಲ. ಬೇರೆ ಯಾರಾದರೂ ಹೇಳುವ ಮೊದಲೇ ಚುಕ್ಕಿಯಕ್ಕ ಹೇಳಿಬಿಟ್ಟಳು.

"ನಿನಗೆ ಹನ್ನೊಂದಕ್ಕೇ ಕೊಡಬಹುದಿತ್ತು ಕಣೇ. ನಾಲ್ಕು ಗಂಟೆ ತಡ ಆಯ್ತು. ನನ್ನಿಂದ. ಬಣ್ಣ ಮುಗಿದಿತ್ತು, ಪೆನ್ನಲ್ಲಿ ಗುರುತು ಹಾಕಿದ್ದೆ."

ತಂಗಿ ಗೋಡೆಯ ಕಡೆ ತಿರುಗಿಕೊಂಡಳು. ಚುಕ್ಕಿಯಕ್ಕ ಎದ್ದುಹೋಗಲೂ ಆಗದೆ ಸ್ಟೂಲಿನ ಮೇಲೇ ಕೂತಿದ್ದಳು.

"ಆ ಬಡಗಿ?" ಎಂದು ಗೋಡೆಯ ಕಡೆಯಿಂದಲೇ ದನಿ ಬಂತು.

"ರೋಗಾಣು ಸಿಕ್ತು, ಅದಕ್ಕೆ ಔಷಧಿ ಕೊಟ್ರು. ನಿನ್ನೆ ಮನೆಗೆ ಹೋದ್ರು."

ತಂಗಿ ಮಂಚದ ಪಕ್ಕದ ಚೀಲದ ಕಡೆ ಕೈ ತೋರಿಸಿದಳು.

"ನನ್ನ ಚೀಲದ ಒಳಜೇಬಲ್ಲಿ ನೋಡು. ಜ್ವರ ಬರೋ ಹಿಂದಿನ ದಿನ ತಂದಿದ್ದೆ. ತಳದ್ದೇ ಎಷ್ಟು ಸಲ ಕೊಡೋದು ಅಂತ ನಿನಗೇ ತಂದದ್ದು."

ಜೇಬಿನಲ್ಲಿ ಕೆಂಪು ಬಣ್ಣದ ಬಾಟಲಿಯಿತ್ತು. ಅದರ ಮುಚ್ಚಳವನ್ನು ಇನ್ನೂ ಯಾರೂ ತೆಗೆದಿರಲಿಲ್ಲ.