ಎರಡು ಬಾಗಿಲುಗಳ ನಡುವಿನ ಹೆಂಗಸು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಯಲ್ಲಾಪುರದ ಕಾಡುದಾರಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವನು ನಾನು. ಬೇರೆ ಡ್ರೈವರುಗಳಿಗೆ ಕಂಡದ್ದು ಯಾವುದೂ ನನಗೆ ಕಂಡಿರಲಿಲ್ಲ. ಕಂಡದ್ದು ಶಿರಸಿಯ ಆಸ್ಪತ್ರೆಯೊಂದರಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತು. ದಾಸನಕೊಪ್ಪದ ಹತ್ತಿರ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಆದರೆ ಎಡಗಣ್ಣು ಮೂಗಿನ ಕಡೆ ತಿರುಗಿ ಹಾಗೇ ನಿಂತಿತು. ರಸ್ತೆ ಎರಡು, ಎದುರಿಗೆ ಬರುವ ಲಾರಿ ಎರಡು. ತಿಂಗಳುಗಟ್ಟಲೆ ಕಾದರೂ ಸರಿಹೋಗದೆ, ಕೆಲಸವೇ ಕೈಬಿಡುವ ಹಾಗಾಯಿತು.

ಹುಬ್ಬಳ್ಳಿಯಿಂದ ಬರುತ್ತಿದ್ದ ಕಣ್ಣಿನ ಡಾಕ್ಟರು ಆಪರೇಷನ್ ಮಾಡಲು ಒಪ್ಪಿದರು. ಅರಿವಳಿಕೆ ಕೊಟ್ಟು ಕಣ್ಣಿನ ಸ್ನಾಯುವನ್ನು ಹೊಲಿಯುತ್ತಾರೆ, ಆದರೆ ಗಂಟನ್ನು ಬಿಗಿಯದೆ ಜಾರುವಂತೆ ಬಿಟ್ಟಿರುತ್ತಾರೆ. ಪೂರ್ತಿ ಎಚ್ಚರವಾದ ಮೇಲೆ ಬರೀ ಹನಿ ಔಷಧ ಹಾಕಿ, ನಮ್ಮನ್ನೇ ಕೇಳುತ್ತ ದಾರ ಎಳೆದು, ಎರಡು ಕಂಡದ್ದು ಒಂದಾದಾಗ ಗಂಟು ಹಾಕುತ್ತಾರೆ.

ಬೆಳಿಗ್ಗೆ ಆಪರೇಷನ್ ಆಯಿತು. ಸಂಜೆಯ ಹೊತ್ತಿಗೆ ಮಂಪರು ಇಳಿದು, ಚಹಾ ಕುಡಿದು, ಹೆಂಡತಿಯ ಜೊತೆ ಮಾತಾಡಿದ್ದೆ. ಡಾಕ್ಟರು ಪಟ್ಟಿ ಬಿಚ್ಚಿ, ಎದುರಿನ ಬಾಗಿಲನ್ನು ನೋಡಲು ಹೇಳಿದರು. ಬಾಗಿಲು ಎರಡು ಕಂಡವು. ಅವುಗಳ ನಡುವೆ ಕಂದು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ನನ್ನ ಕಣ್ಣಿಗೆ ಹೆಂಡತಿ ಇಬ್ಬರು, ನರ್ಸ್ ಇಬ್ಬರು. ಆಕೆ ಮಾತ್ರ ಒಬ್ಬಳೇ.

“ಬಾಗ್ಲಾ ಎರಡು ಅದಾವ್ರಿ. ಆ ಅಕ್ಕಾರು ಒಬ್ಬರ ಕಾಣಸ್ತಾರ,” ಎಂದೆ.

ಹೆಂಡತಿ ತಿರುಗಿ ನೋಡಿದಳು. “ಅಲ್ಲಿ ಯಾರೂ ಇಲ್ರೀ.”

ಡಾಕ್ಟರು ನನ್ನ ಎಡಗಣ್ಣು ಮುಚ್ಚಿದರು. ಆಕೆ ಇಲ್ಲ. ಬಲಗಣ್ಣು ಮುಚ್ಚಿದರು. ಆಗಲೂ ಇಲ್ಲ. ಎರಡೂ ಬಿಟ್ಟಾಗ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು. ಹೆದರಿಕೆಯಾಗಲಿಲ್ಲ, ಗುರುತಿಲ್ಲದವರು ದಿಟ್ಟಿಸಿದರೆ ಆಗುವ ಮುಜುಗರ, ಅಷ್ಟೆ.

ಅರಿವಳಿಕೆಯ ಗುಂಗು ಉಳಿದಿರಬೇಕು ಎನ್ನುತ್ತ ಡಾಕ್ಟರು ದಾರ ಎಳೆಯತೊಡಗಿದರು. ಕಣ್ಣಿನ ಒಳಗೆಲ್ಲೋ ಜಗ್ಗಿದಂತಾಯಿತು. ಎಳೆದಷ್ಟು ಸಲವೂ ಒಂದು ಬಾಗಿಲು ಇನ್ನೊಂದರತ್ತ ಸರಿಯಿತು. ನಡುವಿನ ಜಾಗ ಕಿರಿದಾಗುತ್ತ ಬಂತು. ಮಲಗಿದ್ದಲ್ಲೇ ನನ್ನ ಬಲಗಾಲು ಬ್ರೇಕ್ ಹುಡುಕಿತು.

“ತಡೀರಿ ಸಾಹೇಬ್ರ, ಅವರು ನಡುವ ಸಿಕ್ಕೊಳ್ತಾರ.”

“ಬಾಗ್ಲಾ ಎಷ್ಟು ಕಾಣಸ್ತಾವ, ಅಷ್ಟ ಹೇಳ್ರಿ,” ಎಂದರು ಡಾಕ್ಟರು.

ಆಕೆಗೆ ಇನ್ನು ನಿಲ್ಲಲು ಜಾಗವಿರಲಿಲ್ಲ. ಆದರೂ ನಿಂತೇ ಇದ್ದಳು. ಮತ್ತೆ ಬಸ್ ಓಡಿಸುವ ಆಸೆ ನನಗೆ. ಇನ್ನೂ ಎರಡಿವೆ, ಸ್ವಲ್ಪ ಎಳೆಯಿರಿ ಎಂದೆ. ಬಾಗಿಲು ಒಂದಾಯಿತು. ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರು ಗಂಟು ಬಿಗಿದರು.

ಕಣ್ಣು ತೋರಿಸಲು ಮುಂದೊಮ್ಮೆ ಹೋದಾಗ ಈ ವಿಷಯ ಎತ್ತಿದೆ. ಮಂಪರಿನಲ್ಲಿ ಕಂಡದ್ದು ಕಣ್ಣಿನಿಂದ ಕಂಡದ್ದಲ್ಲ, ಅದಕ್ಕೇ ಎರಡಾಗಲಿಲ್ಲ ಎಂದರು ಡಾಕ್ಟರು. ಹಾಗಾದರೆ ಒಂದು ಕಣ್ಣು ಮುಚ್ಚಿದಾಗ ಯಾಕೆ ಮಾಯವಾದಳು ಎಂದು ಕೇಳಿದೆ. ಅವರು ಟಾರ್ಚ್ ಹಿಡಿದು ನನ್ನ ಎಡಗಣ್ಣನ್ನು ಇನ್ನೊಮ್ಮೆ ನೋಡಿ, ಅದು ತಮಗೂ ಗೊತ್ತಿಲ್ಲವೆಂದರು.

ಬಸ್ ಓಡಿಸಿದೆ, ನಿವೃತ್ತನೂ ಆದೆ. ಕಣ್ಣು ಇವತ್ತಿಗೂ ನೆಟ್ಟಗಿದೆ. ಆಕೆ ಯಾರೆಂದು ಈಗ ಯೋಚಿಸುವುದಿಲ್ಲ. ಬಾಗಿಲು ಕೂಡುವ ಮೊದಲು ಆಕೆ ಹಿಂದೆ ಸರಿದಳೋ ಇಲ್ಲವೋ, ಅದೊಂದು ಮಾತ್ರ ತಿಳಿಯಬೇಕಿತ್ತು.