ಗುಡುಗಿದರೆ ನಿಲ್ಲುವ ಅಪ್‌ಡೇಟ್

ಅಪ್‌ಡೇಟ್ ಮುಕ್ಕಾಲು ಪಾಲು ಇಳಿದಿತ್ತು. ದೂರದಲ್ಲೆಲ್ಲೋ ಒಮ್ಮೆ ಗುಡುಗಿತು. ಹಾಲು ಅಳೆಯುತ್ತಿದ್ದ ಸಾವಿತ್ರಕ್ಕ ಕ್ಯಾನ್ ಬಿಟ್ಟು ಬಂದವರೇ, ನನ್ನೆದುರಿಗೇ ಇಂಟರ್‌ನೆಟ್ ವೈರ್ ಕಿತ್ತು ಕೈಯಲ್ಲಿ ಹಿಡಿದು ನಿಂತರು. ಪರದೆಯ ಮೇಲೆ ನಾನು ಹಲವು ಸಲ ಕಂಡಿದ್ದ ಅದೇ ಸಾಲು ಮೂಡಿತು: ಸಂಪರ್ಕವಿಲ್ಲ, ಅಪ್‌ಡೇಟ್ ವಿಫಲ.

ಜಡೆ ಊರಿನ ಹತ್ತಿರದ ಈ ಹಾಲಿನ ಡೈರಿಯ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ತಾನಾಗಿ ಆಗಬೇಕಾದ ಅಪ್‌ಡೇಟ್ ಕೆಲವು ಸಂಜೆ ಮಾತ್ರ ಏಕೆ ನಿಲ್ಲುತ್ತದೆಂದು ಶಿಕಾರಿಪುರದಲ್ಲೇ ಕುಳಿತು ಸೆಟ್ಟಿಂಗ್‌ಗಳನ್ನೆಲ್ಲ ತಡಕಾಡಿ ಸೋತು, ಕೊನೆಗೆ ಬಸ್ ಹತ್ತಿ ಬಂದಿದ್ದೆ.

“ಅಕ್ಕಾ, ದಿನಾ ಹಿಂಗೇ ಕೀಳ್ತೀರೇನು?” ಎಂದೆ.

“ದಿನಾ ಯಾಕ್ ಕೀಳ್ಲಿ? ಗುಡುಗಿದ್ರೆ ಕೀಳ್ತೀನಿ. ಹೋದ್ಸಲ ಸಿಡಿಲು ಈ ವೈರಲ್ಲೇ ಬಂದು ಹಾಲು ಅಳೆಯೋ ಮಿಷನ್ ಸುಟ್ಟೋಯ್ತು. ಊರೋರ ಹಾಲೆಲ್ಲ ವಾಪಸ್ ಹೋಯ್ತು ಕಣ್ರೀ.”

ಅಪ್‌ಡೇಟನ್ನು ಬೆಳಗಿನ ಹೊತ್ತಿಗೆ ಬದಲಿಸಿ ಬಂದೆ. ಈಗ ಅದು ನಿಲ್ಲುವುದಿಲ್ಲ. ಆದರೂ ಒಮ್ಮೊಮ್ಮೆ ಸಂಜೆ, ಡೈರಿಯ ಸರ್ವರ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ನಾನು ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಎದ್ದು ಹೋಗಿ ನಮ್ಮ ಮನೆಯ ಟಿ.ವಿ. ಪಿನ್ ಕೀಳುತ್ತೇನೆ.