ಎರಡು ಹೊತ್ತು ಹಿಂಡಿ ನೋಡಿದ ಕಂಪ್ಯೂಟರ್

ನಾನು ಕೋಡು ನೋಡಿ ಎಮ್ಮೆ ಕೊಂಡವನು. ಇದನ್ನು ಮೊದಲೇ ಒಪ್ಪಿಕೊಳ್ಳುವುದು ವಾಸಿ. ಇಲ್ಲದಿದ್ದರೆ ಅಕ್ಕೋಳದ ನನ್ನ ಅಕ್ಕ ನಿಮಗೆ ಹೇಳಿಯೇ ಹೇಳುತ್ತಾಳೆ. ಪಂಢರಪುರಿ ತಳಿ, ಹಿಂದಕ್ಕೆ ಬಾಗಿ ಎರಡೂ ಪಕ್ಕಕ್ಕೆ ಚಾಚಿದ ಕತ್ತಿಯಂಥ ಕೋಡು. ಮನೆಗೆ ತಂದ ಮೇಲೆ ನೋಡಿದರೆ ಆ ಕೋಡು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಹಾಲು ನಮ್ಮ ಚಹಾಕ್ಕೂ ಸಾಲಲಿಲ್ಲ. ಆಗಲೂ ನಾನು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ ಎಂಬುದನ್ನು ಅಕ್ಕ ಪ್ರತಿ ಸಲ ತಪ್ಪದೆ ಸೇರಿಸುತ್ತಾಳೆ.

ಇಂಥವನ ಪಾಲಿಗೆ ಈ ವರ್ಷ ಮನೆಗೊಂದು ಕಂಪ್ಯೂಟರ್ ಆರಿಸುವ ಕೆಲಸ ಬಂತು. ಬೇಕಾಗಿದ್ದದ್ದು ಸೊಸೆ ಸುವರ್ಣಾಗೆ. ಅವಳ ತವರಿನ ಮಾತು ಮರಾಠಿ, ಓದಿದ್ದು ಕನ್ನಡ. ಪ್ರಕಾಶಕರೊಬ್ಬರು ದ್ರಾಕ್ಷಿ ಬೇಸಾಯದ ಮರಾಠಿ ಪುಸ್ತಕವನ್ನು ಕನ್ನಡಕ್ಕೆ ತರಲು ಅವಳಿಗೆ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಮುಗಿಸಿದರೆ ಮುಂದಿನ ಪುಸ್ತಕಗಳೂ ಅವಳಿಗೇ, ಇಲ್ಲದಿದ್ದರೆ ಬೇರೆಯವರಿಗೆ. ಹತ್ತು ದಿನ ಮೊಬೈಲಿನಲ್ಲಿ ಹೆಬ್ಬೆರಳು ನೋಯಿಸಿಕೊಂಡರೂ ಒಂದು ಅಧ್ಯಾಯ ದಾಟಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ತನಗಾಗಿ ಬಯಸಿದ ಮೊದಲ ಕೆಲಸ ಅದು. ಕೈತಪ್ಪೀತೆಂದು ನನಗೂ ಒಳಗೊಳಗೆ ದಿಗಿಲಿತ್ತು.

ಹಿಂದಿನವರು ಪುಣ್ಯವಂತರು. ಆನೆ, ಕುದುರೆ, ರತ್ನ ಎಲ್ಲದಕ್ಕೂ ಲಕ್ಷಣ ಹೇಳುವ ಶಾಸ್ತ್ರ ಅವರಿಗಿತ್ತು. ನಮಗಿರುವುದು ಅಂಗಡಿಯವರು ಹಂಚುವ ಕಾಗದ. ಅದರಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಸುಲಕ್ಷಣವೇ. ನಾನು ವಾರವಿಡೀ ಅದನ್ನು ಪಾರಾಯಣ ಮಾಡಿ, ಬೆರಳಿನಷ್ಟು ತೆಳ್ಳಗಿನ, ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಒಂದಕ್ಕೆ ಮನಸೋತೆ. ಸುವರ್ಣಾಳನ್ನು ಕರೆದುಕೊಂಡು ಖರೀದಿಗೆ ನಿಪ್ಪಾಣಿಗೆ ಹೊರಟಾಗ, ನಮ್ಮ ಮನೆಗೆ ಬಂದಿದ್ದ ಅಕ್ಕನೂ ಜೊತೆಗೆ ಬಂದಳು. ಅವಳು ಅಕ್ಷರ ಕಲಿತವಳಲ್ಲ, ಎಮ್ಮೆ ಸಾಕಿಯೇ ಮನೆ ನಡೆಸಿದವಳು.

ಅಂಗಡಿಯಲ್ಲಿ ನಾನು ಬೆಳ್ಳಿಯ ಸುಂದರಿಯನ್ನು ತೋರಿಸಿದೆ. ಅಕ್ಕ ಅದನ್ನು ಬಿಟ್ಟು ನನ್ನನ್ನೇ ನೋಡಿದಳು.

"ಮತ್ತ ಕೋಡು ನೋಡಾಕತ್ತೀಯೇನೋ ತಮ್ಮಾ?"

ಆಮೇಲೆ ಅಂಗಡಿಯವನ ಕಡೆ ತಿರುಗಿ, "ಎರಡು ಹೊತ್ತು ಹಿಂಡಿ ನೋಡಬೇಕ್ರಿ" ಎಂದಳು.

ಅವನು ಕಕ್ಕಾಬಿಕ್ಕಿಯಾದ. ನಾನು ವಿವರಿಸಿದೆ. ನಮ್ಮ ಕಡೆ ಎಮ್ಮೆ ಕೊಳ್ಳುವವರು ಮಾರುವವರ ಮನೆಗೇ ಹೋಗಿ, ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ತಾವೇ ಹಿಂಡಿ ನೋಡುತ್ತಾರೆ. ಮಾರುವವರ ಮಾತಿಗಿಂತ ಚರಿಗೆಗೆ ಬಿದ್ದ ಹಾಲಿನ ಮೇಲೆ ಅವರಿಗೆ ನಂಬಿಕೆ.

"ಹಂಗ ಕೂತು ನೋಡೂ ಪದ್ಧತಿ ನಮ್ಮಲ್ಲಿಲ್ರಿ, ಅಕ್ಕಾರ."

"ಇಲ್ಲಂದ್ರ ಇವತ್ತಿಂದ ಸುರು ಮಾಡ್ರಿ. ಸುವರ್ಣಾ, ಕುಂಡ್ರವಾ."

ಅಂಗಡಿಯವನು ನಕ್ಕು ಕುರ್ಚಿ ಎಳೆದುಕೊಟ್ಟ. ಸುವರ್ಣಾ ಮೊದಲು ನನ್ನ ಸುಂದರಿಯ ಮುಂದೆ ಕುಳಿತು ತನ್ನ ಪುಸ್ತಕದ ಒಂದು ಪುಟ ಬರೆದಳು. ಅಕ್ಕಪಕ್ಕದಲ್ಲಿ ಮರಾಠಿ, ಕನ್ನಡ ಎರಡನ್ನೂ ಇಟ್ಟರೆ ಅಕ್ಷರ ಸಾಸಿವೆಯಷ್ಟಾದವು. ಅವಳು ಬಗ್ಗಿದಳು, ಕಣ್ಣು ಕಿರಿದು ಮಾಡಿದಳು, ಕುತ್ತಿಗೆ ಒತ್ತಿಕೊಂಡಳು. ಊಟ ಮುಗಿಸಿ ಬಂದು, ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದ, ಅಗಲ ಪರದೆಯ ಸಾದಾ ಡೆಸ್ಕ್‌ಟಾಪಿನಲ್ಲಿ ಮುಂದಿನ ಪುಟ ಬರೆದಳು. ಬೆನ್ನು ನೆಟ್ಟಗಿತ್ತು. ಅಂಗಡಿಯಲ್ಲಿದ್ದೇವೆಂಬುದನ್ನೇ ಮರೆತು ಮೂರು ಪುಟ ದಾಟಿದ್ದಳು.

"ಅತ್ತಿ, ಇದ ಸಾಕ್ರಿ" ಎಂದಳು.

"ಇದನ್ನ ಹೊತ್ಕೊಂಡು ಎಲ್ಲ್ಯರೆ ಹೋಗಾಕಿದ್ದೀಯೇನ?"

"ಇಲ್ರಿ, ಮನ್ಯಾಗ ಬರಿಯೂದು."

"ಕರೆಂಟ್ ಹ್ವಾದ್ರ?" ಇದು ಅಂಗಡಿಯವನಿಗೆ. ಅವನು ಬ್ಯಾಟರಿಯ ಪೆಟ್ಟಿಗೆಯೊಂದನ್ನು ತಂದು, ಬರೆದದ್ದನ್ನು ಉಳಿಸಿ ಯಂತ್ರ ಆರಿಸುವಷ್ಟು ಹೊತ್ತು ಇದು ಕರೆಂಟ್ ಕೊಡುತ್ತದೆ ಎಂದು ತೋರಿಸಿದ. ಮನೆಯಲ್ಲಿ ಕಂಪ್ಯೂಟರ್ ಇಡುವ ಮೇಜಿನ ಅಳತೆಯನ್ನು ಅಕ್ಕ ಬೆಳಿಗ್ಗೆಯೇ ಗೇಣಿನಲ್ಲಿ ತೆಗೆದಿದ್ದಳು. ನನ್ನ ಎಮ್ಮೆ ಬಾಗಿಲಲ್ಲಿ ಸಿಕ್ಕಿಕೊಂಡದ್ದು ನೆನಪಾಗಿ ತಲೆ ತಗ್ಗಿಸಿದೆ. ಅವಳ ಮೇಲೆ ಅಭಿಮಾನವೂ ಉಕ್ಕಿತು.

"ನಿನಗ ಕಂಪ್ಯೂಟರ್ ಹೆಂಗ ತಿಳೀತು?" ಎಂದು ದಾರಿಯಲ್ಲಿ ಕೇಳಿದೆ.

"ಅದೇನ ತಿಳೀತದೋ ನನಗ? ನಾ ಆಕಿ ಮಾರಿ ನೋಡ್ಕೋತ ಕುಂತಿದ್ನಿ."

ಸುವರ್ಣಾ ಪುಸ್ತಕವನ್ನು ಗಡುವಿಗೆ ನಾಲ್ಕು ದಿನ ಮೊದಲೇ ಕಳಿಸಿದಳು. ಈಗ ಎರಡನೆಯದು ನಡೆದಿದೆ, ದಾಳಿಂಬೆಯದು. ಅವಳು ಬರೆಯುವುದನ್ನು ನೋಡಿ ನೋಡಿ ನನಗೂ ಆಸೆ ಹುಟ್ಟಿತು. ನನಗೊಂದು ಬೆಳ್ಳಿ ಬಣ್ಣದ್ದು ಇರಲಿ ಎಂದು ಅಕ್ಕನ ಮುಂದೆ ಮೆಲ್ಲಗೆ ಬಾಯಿ ಬಿಟ್ಟೆ.

"ನಿನಗೇನ್ ಕೆಲಸ ಐತೋ ಅದರಾಗ?"

ಪ್ರಬಂಧ ಬರೆಯುತ್ತೇನೆ ಎಂದೆ. ಮೊದಲು ಸೊಸೆಯದರಲ್ಲಿ ಎರಡು ಹೊತ್ತು ಹಿಂಡಿ ನೋಡು ಎಂದಳು. ಸುವರ್ಣಾ ಮಧ್ಯಾಹ್ನ ಒಂದು ತಾಸು ಬಿಟ್ಟುಕೊಟ್ಟಿದ್ದಾಳೆ. ಇದು ಮೊದಲ ಹೊತ್ತಿನದು. ಚರಿಗೆ ನಿಮ್ಮ ಮುಂದಿದೆ, ಹಾಲೆಷ್ಟು ಎಂದು ನೀವೇ ನೋಡಿ ಅಕ್ಕನಿಗೆ ಹೇಳಬೇಕು.